ವಿವಿಗಳು ಡಬ್ಲ್ಯೂ3ಸಿ ಸದಸ್ಯತ್ವ ತಗೊಂಡು ಏನು ಮಾಡುತ್ತವೆ? ಗೊತ್ತಿದ್ದವರು ಹೇಳಿ

ಕಡತ ವಿಲೇವಾರಿ

ಎಲ್ಲರಿಗೂ ನಮಸ್ಕಾರ. ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವುದು ಅಂತ ಕೇಳಬೇಡಿ. ನಮ್ಮ ಡೀನ್ ಒಬ್ಬರು ವಿದೇಶಕ್ಕೆ ಹೋಗಿ ಬಂದ ಮೇಲೆ ಒಂದು ಪ್ರಸ್ತಾಪ ಹುಟ್ಟಿಕೊಂಡಿದೆ. ವಿವಿ ಡಬ್ಲ್ಯೂ3ಸಿಗೆ ಸದಸ್ಯ ಆಗಬೇಕಂತೆ. ವೆಬ್‌ನ ಮಾನದಂಡಗಳನ್ನು ಬರೆಯುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ ಇದೆಯಲ್ಲ, ಅದೇ. ಕುಲಸಚಿವರಿಗೆ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಶುಲ್ಕ ಎಷ್ಟು ಅನ್ನುವುದು ಅವರ ಜಾಲತಾಣದಲ್ಲೇ ಸಿಗುತ್ತದೆ. ಸಂಸ್ಥೆ ಲಾಭಕ್ಕಾಗಿ ಇದೆಯೋ ಇಲ್ಲವೋ, ಆದಾಯ ಎಷ್ಟು, ಯಾವ ದೇಶದ್ದು, ಇವುಗಳ ಮೇಲೆ ಹೋಗುತ್ತದೆ. ನನಗೆ ಬೇಕಾಗಿರುವುದು ಅದಲ್ಲ. ಬೇರೆ ವಿವಿಗಳು ಸದಸ್ಯ ಆಗಿ ನಿಜಕ್ಕೂ ಏನು ಮಾಡಿವೆ? ಲೋಗೋ ಹಾಕಿಕೊಂಡು ವಿವಿಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡಕ್ಕೆ ತೋರಿಸೋದು ಬಿಟ್ಟು.

ತಿಪಟೂರು ತೆಂಗು

ಲೋಗೋ ಬಿಟ್ಟರೆ ಏನೂ ಇಲ್ಲ, ಟಿಪ್ಪಣಿ ಮುಗಿಯಿತು. 😀

ಗಂಭೀರವಾಗಿಯೇ ಹೇಳುತ್ತೇನೆ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಮ್‌ಎಲ್ ಈಗ ಡಬ್ಲ್ಯೂ3ಸಿ ಕೈಯಲ್ಲೇ ಇಲ್ಲ. 2004ರಲ್ಲಿ ಆ್ಯಪಲ್, ಮೊಜಿಲ್ಲಾ, ಒಪೇರಾದವರು ಸಿಟ್ಟಿಗೆದ್ದು ವಾಟ್‌ಡಬ್ಲ್ಯೂಜಿ ಅಂತ ಬೇರೆ ಗುಂಪು ಕಟ್ಟಿದರು. ವರ್ಷಗಟ್ಟಲೆ ಎರಡೂ ಕಡೆ ಎರಡು ಎಚ್‌ಟಿಎಮ್‌ಎಲ್. ಕೊನೆಗೆ 2019ರ ಮೇ 28ಕ್ಕೆ ಒಪ್ಪಂದ ಆಗಿ, ಎಚ್‌ಟಿಎಮ್‌ಎಲ್ ಮತ್ತು ಪುಟದ ಭಾಗಗಳನ್ನು ಪ್ರೋಗ್ರಾಂನಿಂದ ಮುಟ್ಟಲು ಬಳಸುವ ಡಾಮ್ ಎರಡನ್ನೂ ಆ ಕಡೆಗೇ ಬಿಟ್ಟುಕೊಟ್ಟರು. ಅಲ್ಲಿ ಬರೆಯೋಕೆ ಸದಸ್ಯತ್ವದ ಶುಲ್ಕ ಬೇಕಿಲ್ಲ. ಇಂಟರ್ನೆಟ್‌ನ ಒಳಗಿನ ನಿಯಮಗಳನ್ನು ಬರೆಯುವ ಐಇಟಿಎಫ್‌ನಲ್ಲಂತೂ ಸದಸ್ಯತ್ವ ಅನ್ನುವ ವ್ಯವಸ್ಥೆಯೇ ಇಲ್ಲ. ಇಮೇಲ್ ಪಟ್ಟಿಗೆ ಸೇರಿ ಮಾತಾಡಿದರೆ ನೀವೂ ಒಬ್ಬರು.

ಹೀಗಿರುವಾಗ ಪ್ರತಿ ವರ್ಷ ಡಾಲರ್ ಕಟ್ಟೋದು ಅಂದರೆ, ದೊಡ್ಡವರ ಮನೆ ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಂಡ ಹಾಗೆ. ಊಟಕ್ಕೆ ಹೋಗುವುದಂತೂ ಇಲ್ಲ.

ನಿವೃತ್ತ ಮೇಷ್ಟ್ರು

ತೆಂಗಿನವರೇ, ಎಚ್‌ಟಿಎಮ್‌ಎಲ್ ಹೋಯಿತು ಅಂದ ಮಾತ್ರಕ್ಕೆ ಎಲ್ಲ ಹೋಗಲಿಲ್ಲ. ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಅಲ್ಲೇ ಇದೆ. ಅಂಗವಿಕಲರಿಗೆ ವೆಬ್ ಬಳಸಲು ಆಗಬೇಕು ಅನ್ನುವ ಮಾನದಂಡ ಅಲ್ಲೇ ಇದೆ. ಚಿತ್ರ ಬರೆಯುವ ಎಸ್‌ವಿಜಿ, ಮಾಹಿತಿ ಜೋಡಿಸಿಡುವ ಆರ್‌ಡಿಎಫ್, ಅದರಲ್ಲಿ ಹುಡುಕುವ ಸ್ಪಾರ್ಕಲ್, ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವ ವೆಬ್‌ಆಥನ್, ಇವೆಲ್ಲ ಅಲ್ಲಿಯವೇ.

ಕಡತದವರ ಪ್ರಶ್ನೆಗೆ ಬರುತ್ತೇನೆ. ಮೊದಲು ಒಂದು ಗೊಂದಲ ಬಿಡಿಸಬೇಕು. ಡಬ್ಲ್ಯೂ3ಸಿ ಹುಟ್ಟಿದ್ದೇ ವಿವಿಯಲ್ಲಿ. 1994ರ ಅಕ್ಟೋಬರ್‌ನಲ್ಲಿ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅದನ್ನು ಶುರು ಮಾಡಿದ್ದು ಎಂಐಟಿಯಲ್ಲಿ. 1995ಕ್ಕೆ ಫ್ರಾನ್ಸಿನ ಇನ್ರಿಯಾ ಕೂಡಿಕೊಂಡಿತು, 1996ಕ್ಕೆ ಜಪಾನಿನ ಕೇಯೋ ವಿವಿ. 2003ರಲ್ಲಿ ಇನ್ರಿಯಾ ಜಾಗಕ್ಕೆ ಎರ್ಸಿಮ್ ಅನ್ನುವ ಯುರೋಪಿನ ಸಂಶೋಧನಾ ಒಕ್ಕೂಟ ಬಂತು. 2013ರಲ್ಲಿ ಚೀನಾದ ಬೇಹಾಂಗ್ ವಿವಿ. ಇವರೆಲ್ಲ ಸದಸ್ಯರಲ್ಲ, ಆತಿಥೇಯರು. ಡಬ್ಲ್ಯೂ3ಸಿಗೆ ತನ್ನದೇ ಆದ ಕಾನೂನುಬದ್ಧ ಅಸ್ತಿತ್ವವೇ ಇರಲಿಲ್ಲ. ಸಿಬ್ಬಂದಿಗೆ ಸಂಬಳ ಕೊಡುತ್ತಿದ್ದದ್ದು, ಸದಸ್ಯರ ಜೊತೆ ಕರಾರಿಗೆ ಸಹಿ ಹಾಕುತ್ತಿದ್ದದ್ದು ಈ ಸಂಸ್ಥೆಗಳೇ. 2023ರ ಜನವರಿಯಲ್ಲಿ ಅದು ಲಾಭರಹಿತ ಸಂಸ್ಥೆಯಾಗಿ ನೋಂದಣಿ ಆದ ಮೇಲೆ ಎಂಐಟಿಯ ಪಾತ್ರ ಮುಗಿಯಿತು. ಬೇರೆ ಮೂವರು ಪಾಲುದಾರರಾಗಿ ಉಳಿದರು. ಹಾಗಾಗಿ ನಿಮ್ಮ ಡೀನ್ "ಕೇಯೋ ತರಹ" ಅಂದಿದ್ದರೆ ಅದು ಬೇರೆಯೇ ಲೆಕ್ಕ. ಕಚೇರಿ, ಸಿಬ್ಬಂದಿ, ಖರ್ಚು ಎಲ್ಲ ಹೊರುವ ಕೆಲಸ.

ಬರೀ ಸದಸ್ಯತ್ವ ಅಂದರೆ ಇಷ್ಟು. ಸಂಸ್ಥೆಯ ಪರವಾಗಿ ಒಬ್ಬರು ಸಲಹಾ ಸಮಿತಿಯಲ್ಲಿ ಕೂರುತ್ತಾರೆ. ಒಂದು ಮತ. ಗೂಗಲ್‌ಗೂ ಒಂದೇ, ನಿಮಗೂ ಒಂದೇ. ಆಮೇಲೆ ನಿಮ್ಮ ನೌಕರರು ಮಾನದಂಡ ಬರೆಯುವ ಯಾವ ಕಾರ್ಯತಂಡಕ್ಕೆ ಬೇಕಾದರೂ ಸೇರಬಹುದು. ನಿಜವಾದ ಲಾಭ ಈ ಎರಡನೆಯದು.

ವಿವಿಯ ಜನ ಕಾರ್ಯತಂಡದಲ್ಲಿ ಕೂತು ಮಾಡಿದ್ದಕ್ಕೆ ನಾನು ಕಣ್ಣಾರೆ ಕಂಡ ಉದಾಹರಣೆ ಓಲ್, ವಿಷಯಗಳ ನಡುವಿನ ಸಂಬಂಧವನ್ನು ಕಂಪ್ಯೂಟರ್‌ಗೆ ಅರ್ಥವಾಗುವಂತೆ ಬರೆಯುವ ಭಾಷೆ. ಆ ಕಾಲದಲ್ಲಿ ನಾನು ಯುರೋಪಿನಲ್ಲಿದ್ದೆ, ಯಂತ್ರಕ್ಕೂ ಅರ್ಥವಾಗುವ ವೆಬ್ ಕಟ್ಟಬೇಕು ಅನ್ನುವ ಸೆಮ್ಯಾಂಟಿಕ್ ವೆಬ್ ಜ್ವರ ಜೋರಾಗಿತ್ತು. ಕಾರ್ಯತಂಡದ ಜಂಟಿ ಅಧ್ಯಕ್ಷರಾಗಿದ್ದ ಜಿಮ್ ಹೆಂಡ್ಲರ್ ಮೇರಿಲ್ಯಾಂಡ್ ವಿವಿಯವರು, ಗುಸ್ ಶ್ರೈಬರ್ ಆಮ್‌ಸ್ಟರ್‌ಡ್ಯಾಮ್‌ನವರು. ಮ್ಯಾಂಚೆಸ್ಟರ್‌ನಿಂದ ಇಯಾನ್ ಹೊರಾಕ್ಸ್ ಮತ್ತು ಗೆಳೆಯರು. 2004ರ ಫೆಬ್ರವರಿ 10ಕ್ಕೆ ಅದು ಅಧಿಕೃತ ಶಿಫಾರಸು, ಅಂದರೆ ಡಬ್ಲ್ಯೂ3ಸಿಯ ಅಂತಿಮ ಮಾನದಂಡ, ಆಯಿತು. ಅಲ್ಲಿ ಕಂಪನಿಗಳು ಇರಲಿಲ್ಲ ಅಂತಲ್ಲ. ಆದರೆ ಕಷ್ಟದ ಗಣಿತ ಬಂದಾಗ ಎಲ್ಲರೂ ನೋಡುತ್ತಿದ್ದದ್ದು ಮೇಷ್ಟ್ರುಗಳ ಮುಖವನ್ನೇ. ಒಂದು ಮಾಹಿತಿ ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಅಂತ ಬರೆದಿಡುವ ಪ್ರೊವ್ ಮಾನದಂಡವೂ ಹಾಗೆಯೇ. ಸೌತಾಂಪ್ಟನ್‌ನ ಲೂಕ್ ಮೊರೋ, ಆಮ್‌ಸ್ಟರ್‌ಡ್ಯಾಮ್‌ನ ಪಾಲ್ ಗ್ರೋತ್ ಅದಕ್ಕೆ ಅಧ್ಯಕ್ಷರು. 2013ರ ಏಪ್ರಿಲ್ 30ಕ್ಕೆ ಹೊರಬಂತು.

ಸುಮ್ನೆ ಕೇಳಿದೆ

ಓಲ್ ಯಾರು ಬಳಸುತ್ತಾರೆ ಸರ್ ಈಗ? ಸುಮ್ನೆ ಕೇಳಿದೆ.

ನಿವೃತ್ತ ಮೇಷ್ಟ್ರು

ಆಸ್ಪತ್ರೆಯ ದಾಖಲೆಗಳಲ್ಲಿ ಬಳಸುವ ಸ್ನೋಮೆಡ್ ಸಿಟಿ ಅನ್ನುವ ವೈದ್ಯಕೀಯ ಪದಗಳ ಜಾಲ ಗೊತ್ತಾ? ಅದರ ತರ್ಕ ನಿಂತಿರುವುದು ಓಲ್‌ನ ಒಂದು ಚಿಕ್ಕ ರೂಪದ ಮೇಲೆ. ಭಾರತವೂ 2014ರಿಂದ ಸ್ನೋಮೆಡ್‌ನ ಸದಸ್ಯ ದೇಶ. ಜೀವಶಾಸ್ತ್ರದವರು ಜೀನ್‌ಗಳ ಕೆಲಸ ವಿವರಿಸಲು ಬಳಸುವ ಪದಜಾಲ ಜೀನ್ ಆಂಟಾಲಜಿ ಕೂಡ ಇದೇ. ಜ್ವರ ಇಳಿದಿದೆ ನಿಜ. ಉಳಿದದ್ದು ಕೆಲಸಕ್ಕೆ ಬಂತು.

ಹಕ್ಕುಪತ್ರ

ಯಾರೂ ಪೇಟೆಂಟ್ ವಿಷಯ ಎತ್ತಿಲ್ಲ, ಆಶ್ಚರ್ಯ. ನಾನು ಒಂದು ಶಿಕ್ಷಣ ಸಂಸ್ಥೆಯ ಬೌದ್ಧಿಕ ಆಸ್ತಿ ವಿಭಾಗದಲ್ಲಿದ್ದೆ. ಕಡತದವರೇ, ನಿಮ್ಮ ಟಿಪ್ಪಣಿ ಸಿಕ್ಕಿಹಾಕಿಕೊಳ್ಳುವುದು ಹಣಕಾಸು ಅಧಿಕಾರಿಯ ಹತ್ತಿರ ಅಲ್ಲ, ಇಲ್ಲಿ.

ಡಬ್ಲ್ಯೂ3ಸಿಯ ಪೇಟೆಂಟ್ ನೀತಿ ಜಾರಿಗೆ ಬಂದದ್ದು 2004ರ ಫೆಬ್ರವರಿಯಲ್ಲಿ. ಅದರ ತಿರುಳು ಸರಳ. ನೀವು ಒಂದು ಕಾರ್ಯತಂಡಕ್ಕೆ ಸೇರಿದರೆ, ಆ ತಂಡ ಬರೆಯುವ ಮಾನದಂಡವನ್ನು ಜಾರಿ ಮಾಡಲು ಬೇಕೇ ಬೇಕಾದ ಪೇಟೆಂಟ್ ನಿಮ್ಮ ಹತ್ತಿರ ಇದ್ದರೆ, ಅದನ್ನು ರಾಯಧನ ಇಲ್ಲದೆ ಎಲ್ಲರಿಗೂ ಬಿಟ್ಟುಕೊಡಬೇಕು. "ಇದೊಂದನ್ನು ಕೊಡಲ್ಲ" ಅಂತ ಹೇಳಬೇಕಾದರೆ ಮೊದಲ ಸಾರ್ವಜನಿಕ ಕರಡು ಬಂದ 150 ದಿನದೊಳಗೆ ಹೇಳಬೇಕು. ಕಂಪನಿಗೆ ಇದು ಸುಲಭ, ವಕೀಲರ ದಂಡೇ ಇರುತ್ತದೆ. ವಿವಿಯಲ್ಲಿ? ಎಲೆಕ್ಟ್ರಾನಿಕ್ಸ್ ವಿಭಾಗದ ಮೇಷ್ಟ್ರು ಯಾವುದಕ್ಕೆ ಅರ್ಜಿ ಹಾಕಿದ್ದಾರೆ ಅಂತ ಕಂಪ್ಯೂಟರ್ ವಿಭಾಗಕ್ಕೆ ಗೊತ್ತೇ ಇರುವುದಿಲ್ಲ. ಬದ್ಧತೆ ಮಾತ್ರ ಇಡೀ ಸಂಸ್ಥೆಗೆ ಅಂಟುತ್ತದೆ.

ಇದು ಬರೀ ಕಾಗದದ ಭಯ ಅಲ್ಲ. ಇಯೋಲಾಸ್ ಕತೆ ಓದಿ. ವೆಬ್ ಪುಟದೊಳಗೆ ಬೇರೆ ಪ್ರೋಗ್ರಾಂ ಓಡಿಸುವುದರ ಮೇಲೆ ಕ್ಯಾಲಿಫೋರ್ನಿಯಾ ವಿವಿಗೆ 1998ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಪರವಾನಗಿ ಇಯೋಲಾಸ್ ಅನ್ನುವ ಚಿಕ್ಕ ಕಂಪನಿಯ ಕೈಯಲ್ಲಿತ್ತು. ಇಬ್ಬರೂ ಸೇರಿ ಮೈಕ್ರೋಸಾಫ್ಟ್ ಮೇಲೆ ದಾವೆ ಹಾಕಿದರು. 2003ರಲ್ಲಿ ಜ್ಯೂರಿ ಕೊಟ್ಟ ತೀರ್ಪು ಸುಮಾರು 52 ಕೋಟಿ ಡಾಲರ್! ಅದು ನಿಂತಿದ್ದರೆ ಬ್ರೌಸರ್ ಮಾಡುವ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಬರ್ನರ್ಸ್-ಲೀ ಅವರೇ ಅಮೆರಿಕದ ಪೇಟೆಂಟ್ ಕಚೇರಿಗೆ ಪತ್ರ ಬರೆದು ಮರುಪರಿಶೀಲನೆ ಕೇಳಿದರು. ಮೈಕ್ರೋಸಾಫ್ಟ್ 2007ರಲ್ಲಿ ರಾಜಿ ಮಾಡಿಕೊಂಡಿತು. ಆಮೇಲೆ ಇಯೋಲಾಸ್ ಇನ್ನಷ್ಟು ಕಂಪನಿಗಳ ಮೇಲೆ ಹೋಯಿತು. 2012ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಟೈಲರ್ ಊರಿನ ಕೋರ್ಟಿನಲ್ಲಿ ಬರ್ನರ್ಸ್-ಲೀ ಸಾಕ್ಷಿ ಹೇಳಿದರು, ಜ್ಯೂರಿ ಆ ಪೇಟೆಂಟ್ ಹಕ್ಕುಗಳು ಅಸಿಂಧು ಅಂತು. ಅದಕ್ಕೂ ಮುಂಚೆಯೇ ಇದೇ ಕೆಲಸ ಮಾಡುತ್ತಿದ್ದ ವಯೋಲಾ ಬ್ರೌಸರ್ ವಾದಕ್ಕೆ ಬಂತು. ಅದನ್ನು ಬರೆದ ಪೇ-ಯುವಾನ್ ವೇ ಓದಿದ್ದು ಎಲ್ಲಿ ಗೊತ್ತಾ? ಅದೇ ಕ್ಯಾಲಿಫೋರ್ನಿಯಾ ವಿವಿಯ ಬರ್ಕ್ಲಿ ಕ್ಯಾಂಪಸ್‌ನಲ್ಲಿ. ಪೇಟೆಂಟ್ ಹಿಡಿದುಕೊಂಡದ್ದೂ ಅವರೇ, ಅದನ್ನು ಕೆಡವಲು ಸಿಕ್ಕಿದ್ದೂ ಅವರ ಹುಡುಗನ ಕೆಲಸವೇ.

ಕಡತ ವಿಲೇವಾರಿ

ಅಯ್ಯೋ, ಈ ಕೋನ ಹೊಳೆದೇ ಇರಲಿಲ್ಲ ಸರ್. ನಮ್ಮಲ್ಲಿ ಪೇಟೆಂಟ್ ಸೆಲ್ ಅಂತ ಒಂದು ಬೋರ್ಡ್ ಇದೆ, ಬೀಗವೂ ಇದೆ.

ಹಕ್ಕುಪತ್ರ

ಹಾಗಾದರೆ ಒಂದು ಸಮಾಧಾನ. ಬದ್ಧತೆ ಬರುವುದು ಕಾರ್ಯತಂಡಕ್ಕೆ ಸೇರಿದಾಗ, ಆ ತಂಡದ ಮಾನದಂಡಕ್ಕೆ ಮಾತ್ರ. ಸದಸ್ಯತ್ವ ತಗೊಂಡ ಕೂಡಲೇ ಎಲ್ಲ ಪೇಟೆಂಟ್ ಕೈಬಿಡುವುದಿಲ್ಲ. ಈ ವಾಕ್ಯವನ್ನು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ತಿಪಟೂರು ತೆಂಗು

ಮೇಷ್ಟ್ರೇ, "ಗೂಗಲ್‌ಗೂ ಒಂದೇ ಮತ" ಅನ್ನುವುದು ಓದೋಕೆ ಚೆಂದ. 2017ರಲ್ಲಿ ಏನಾಯಿತು ನೆನಪಿದೆಯಾ? ನಕಲು ಆಗದಂತೆ ಸಿನಿಮಾ ಕಂಪನಿಗಳಿಗೆ ಬೇಕಾದ ಬೀಗವನ್ನು ಬ್ರೌಸರ್ ಒಳಗೆ ಕೂರಿಸುವ ಇಎಮ್‌ಇ ಮಾನದಂಡ. ಭದ್ರತಾ ಸಂಶೋಧಕರ ಮೇಲೆ ಕೇಸ್ ಹಾಕಬಾರದು ಅಂತ ಒಂದು ಒಪ್ಪಂದ ಜೊತೆಗಿರಲಿ ಅಂತ ಡಿಜಿಟಲ್ ಹಕ್ಕುಗಳಿಗೆ ಹೋರಾಡುವ ಇಎಫ್‌ಎಫ್ ಸಂಸ್ಥೆಯವರು ಎಷ್ಟು ಕೇಳಿಕೊಂಡರು. ಆಗಲಿಲ್ಲ. ಮತಕ್ಕೆ ಹಾಕಿದಾಗ ಪರ 108, ವಿರೋಧ 57, ತಟಸ್ಥ 20. ಸೆಪ್ಟೆಂಬರ್ 18ಕ್ಕೆ ಮಾನದಂಡ ಹೊರಬಂತು, ಅದೇ ದಿನ ಇಎಫ್‌ಎಫ್ ರಾಜೀನಾಮೆ ಕೊಟ್ಟಿತು. ಒಮ್ಮತ ಒಮ್ಮತ ಅನ್ನುವ ಸಂಸ್ಥೆಯಲ್ಲಿ ಸುಮಾರು ಶೇ. 58ರ ಬಹುಮತಕ್ಕೆ ನಿರ್ಧಾರ. ವಿವಿಯ ಒಂದು ಮತ ಏನು ಮಾಡುತ್ತದೆ?

ಫ್ರೀಮಾಂಟ್ ಕನ್ನಡತಿ

ಅಣ್ಣ, ಅದೇ ಅಂಕಿಯನ್ನು ಕೂಡಿಸಿ ನೋಡಿ. ಒಟ್ಟು 185. ಆಗ ಸದಸ್ಯರು 400ಕ್ಕೂ ಜಾಸ್ತಿ ಇದ್ದರು. ಅರ್ಧಕ್ಕಿಂತ ಹೆಚ್ಚು ಜನ ಮತವನ್ನೇ ಹಾಕಿಲ್ಲ. ಅಷ್ಟು ಗಲಾಟೆ ಆದ ವಿಷಯಕ್ಕೇ ಈ ಕತೆ. ಇದನ್ನು ಓದಿದರೆ ನನಗೆ ಸದಸ್ಯತ್ವ ಬೇಡ ಅನಿಸುವುದಿಲ್ಲ, ಸದಸ್ಯರಾದವರು ನಿದ್ದೆ ಮಾಡಬಾರದು ಅನಿಸುತ್ತದೆ.

ನಾನು ಇಲ್ಲಿ ಒಂದು ವಿವಿಯ ವೆಬ್ ತಂಡದಲ್ಲಿದ್ದೇನೆ. ನಮ್ಮ ದಿನನಿತ್ಯದ ಕೆಲಸವನ್ನು ಆಳುವುದು ಡಬ್ಲ್ಯೂಸಿಎಜಿ. ವೆಬ್ ಪುಟಗಳನ್ನು ಎಲ್ಲರೂ ಬಳಸುವಂತೆ ಮಾಡುವ ಮಾರ್ಗಸೂಚಿ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಸರ್ಕಾರಿ ವಿವಿಗಳೂ ಸೇರಿದಂತೆ ಸರ್ಕಾರಿ ಸಂಸ್ಥೆಗಳಿಗೆ 2.1ನೇ ಆವೃತ್ತಿಯನ್ನೇ ಮಾನದಂಡ ಅಂತ ನಿಯಮ ಮಾಡಿತು. ಇದರ ಬೇರು ಎಲ್ಲಿದೆ? 1999ರ ಮೇ 5ಕ್ಕೆ ಬಂದ ಮೊದಲ ಆವೃತ್ತಿಯ ಸಂಪಾದಕರಲ್ಲಿ ಇಬ್ಬರು ವಿಸ್ಕಾನ್ಸಿನ್-ಮ್ಯಾಡಿಸನ್ ವಿವಿಯ ಟ್ರೇಸ್ ಕೇಂದ್ರದವರು, ವೆಂಡಿ ಚಿಸಮ್ ಮತ್ತು ಗ್ರೆಗ್ ವ್ಯಾಂಡರ್‌ಹೈಡನ್. ಡಬ್ಲ್ಯೂ3ಸಿ ಕೈ ಹಾಕುವ ಮೊದಲೇ ಆ ಕೇಂದ್ರದವರು ಇಂಥ ಸೂಚನೆಗಳನ್ನು ಒಟ್ಟು ಮಾಡುತ್ತಾ ಬಂದಿದ್ದರು.

ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಅಂತ ನಿಯಮ ಇದೆ. ಡಿಸೈನರ್‌ಗಳು ಇದನ್ನು ಬೈದುಕೊಳ್ಳದ ದಿನ ಇಲ್ಲ. ಅದನ್ನು ಯಾರೋ ಸುಮ್ಮನೆ ಬರೆದದ್ದಲ್ಲ. ಸಾಮಾನ್ಯ ದೃಷ್ಟಿಯವರಿಗೆ 3ಕ್ಕೆ 1 ಸಾಕು ಅಂತ ಹಳೆಯ ಐಎಸ್‌ಒ ಮಾನದಂಡ ಹೇಳುತ್ತಿತ್ತು. ದೃಷ್ಟಿ 20/40ಕ್ಕೆ ಇಳಿದವರಿಗೆ, ಅಂದರೆ ವಯಸ್ಸಾದ ನಮ್ಮ ಅಪ್ಪ ಅಮ್ಮಂದಿರಿಗೆ, ಅದರ ಒಂದೂವರೆ ಪಟ್ಟು ಬೇಕು. ಮೂರು ಗುಣಿಸು ಒಂದೂವರೆ, ನಾಲ್ಕೂವರೆ. ದೃಷ್ಟಿ ಇನ್ನೂ ಇಳಿದವರಿಗೆ 7ಕ್ಕೆ 1. ಇಂಥ ಲೆಕ್ಕ ಹಾಕಿ ಕೂರುವ ವ್ಯವಧಾನ ಹೊಸ ಫೋನ್ ಮಾರುವ ಕಂಪನಿಗೆ ಎಲ್ಲಿರುತ್ತದೆ?

ಕಿವಿಯಲ್ಲಿ ಓದುವವ

ಕನ್ನಡತಿ ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ಕಣ್ಣು ಕಾಣದವನು, ಎನ್‌ವಿಡಿಎ ಸ್ಕ್ರೀನ್ ರೀಡರ್‌ನಲ್ಲಿ ಈ ಚರ್ಚೆ ಓದುತ್ತಿದ್ದೇನೆ. ಅದು ಉಚಿತ, ಅದರ ಜೊತೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ರೋಬೋ ತರಹ, ಆದರೆ ಅಭ್ಯಾಸ ಆಗಿದೆ.

ನಾನು ಎಂ.ಎ. ಮಾಡಿದ ವಿವಿಯ ಸುತ್ತೋಲೆಗಳು ಎರಡು ಬಗೆ. ಒಂದು, ಕಾಗದದಲ್ಲಿ ಸಹಿ ಮಾಡಿ ಸ್ಕ್ಯಾನ್ ಮಾಡಿ ಹಾಕಿದ್ದು. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಪುಟ. ಇನ್ನೊಂದು, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್. ಕಣ್ಣಿಗೆ ಕನ್ನಡ ಕಾಣುತ್ತದಂತೆ, ನನ್ನ ಕಿವಿಗೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಪರೀಕ್ಷೆ ಶುಲ್ಕದ ಕೊನೆಯ ದಿನ ತಿಳಿಯಲು ಪಕ್ಕದ ರೂಮಿನವರನ್ನು ಕರೆಯಬೇಕಿತ್ತು.

ಸರ್ಕಾರಿ ಜಾಲತಾಣಗಳಿಗೆ ಭಾರತ ಸರ್ಕಾರ ಮಾಡಿದ ಜಿಐಜಿಡಬ್ಲ್ಯೂ ಮಾರ್ಗಸೂಚಿ ಡಬ್ಲ್ಯೂಸಿಎಜಿ ಮೇಲೆಯೇ ನಿಂತಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದೆ. ಸರಿ ಮಾಡಲು ಯಾವ ಸದಸ್ಯತ್ವವೂ ಬೇಕಿಲ್ಲ. ಕಡತದವರೇ, ಟಿಪ್ಪಣಿ ಕಳಿಸುವ ಮೊದಲು ನಿಮ್ಮದೇ ಜಾಲತಾಣದ ಸುತ್ತೋಲೆ ಪುಟ ಒಮ್ಮೆ ನೋಡಿ.

ಕಡತ ವಿಲೇವಾರಿ

ನೋಡಿದೆ. ನೀವು ಹೇಳಿದ ಎರಡೂ ಬಗೆ ಇವೆ. ಮೊದಲನೆಯದು ಜಾಸ್ತಿ.

ಒತ್ತಕ್ಷರ

ತಡವಾಗಿ ಬಂದೆ. ಫಾಂಟ್ ಮತ್ತು ಪಠ್ಯ ಜೋಡಣೆಯ ಕೆಲಸ ನನ್ನದು. ಇಲ್ಲಿ ಎಲ್ಲರೂ ಅಮೆರಿಕ, ಯುರೋಪ್ ಅಂದಿರಿ. ನಮಗೆ ಹತ್ತಿರದ ಪಾಠ ಜಪಾನಿನದು.

ಜಪಾನಿ ಬರಹಕ್ಕೆ ವೆಬ್‌ನಲ್ಲಿ ಎರಡು ದೊಡ್ಡ ತೊಂದರೆ ಇದ್ದವು. ಕಠಿಣ ಅಕ್ಷರದ ಪಕ್ಕ ಅದರ ಉಚ್ಚಾರಣೆಯನ್ನು ಚಿಕ್ಕದಾಗಿ ಬರೆಯುತ್ತಾರೆ, ರೂಬಿ ಅಂತಾರೆ. ಇನ್ನೊಂದು, ಮೇಲಿನಿಂದ ಕೆಳಗೆ ಬರೆಯುವುದು. ಕೇಯೋದಲ್ಲಿ ಡಬ್ಲ್ಯೂ3ಸಿ ಸಿಬ್ಬಂದಿ ಕೂತಿದ್ದರು. ಮಾರ್ಟಿನ್ ಡ್ಯೂರ್ಸ್ಟ್, ಮಸಯಾಸು ಇಶಿಕಾವಾ ಮುಂತಾದವರು ಸಂಪಾದಿಸಿದ ರೂಬಿ ಮಾನದಂಡ 2001ರ ಮೇ 31ಕ್ಕೇ ಶಿಫಾರಸು ಆಯಿತು. ಆಮೇಲೆ ಅವರು ಮಾಡಿದ್ದು ಇನ್ನೂ ಜಾಣತನದ ಕೆಲಸ. ಜಪಾನಿ ಪುಟ ಹೇಗಿರಬೇಕು, ಸಾಲು ಎಲ್ಲಿ ಮುರಿಯಬೇಕು, ಯಾವ ಚಿಹ್ನೆ ಸಾಲಿನ ಮೊದಲಿಗೆ ಬರಬಾರದು, ಇದನ್ನೆಲ್ಲ ಜಪಾನಿನ ಮುದ್ರಣ ಬಲ್ಲವರು ಕೂತು ಇಂಗ್ಲಿಷಿನಲ್ಲಿ ಬರೆದು 2009ರ ಜೂನ್‌ನಲ್ಲಿ ಡಬ್ಲ್ಯೂ3ಸಿ ಮೂಲಕ ಹೊರತಂದರು. ಜೇಎಲ್‌ರೆಕ್ ಅಂತ ಕರೆಯುತ್ತಾರೆ. ಬ್ರೌಸರ್ ಬರೆಯುವ ಹುಡುಗನಿಗೆ ಜಪಾನಿ ಬರಬೇಕಿಲ್ಲ, ಅದನ್ನು ಓದಿದರೆ ಸಾಕು. ಮೇಲಿನಿಂದ ಕೆಳಗೆ ಬರೆಯುವ ಸಿಎಸ್‌ಎಸ್ ಮಾನದಂಡ ಪೂರ್ತಿ ಶಿಫಾರಸು ಆಗುವಾಗ 2019ರ ಡಿಸೆಂಬರ್. ಹತ್ತಿಪ್ಪತ್ತು ವರ್ಷ ಒಂದೇ ವಿಷಯ ಬಿಡದೆ ಹಿಡಿಯುವ ತಾಳ್ಮೆ ಬೇಕು. ವಿವಿಗಳು ಸಾಮಾನ್ಯವಾಗಿ ಇದಕ್ಕೇ ಸರಿ, ಕಂಪನಿಯಲ್ಲಿ ಮ್ಯಾನೇಜರ್ ಬದಲಾದರೆ ಯೋಜನೆ ಮುಗಿಯಿತು.

ಈಗ ನಮ್ಮ ಮನೆಯ ವಿಷಯ. "ಸ್ತ್ರೀ" ಎಷ್ಟು ಅಕ್ಷರ? ನಮ್ಮ ಅಜ್ಜಿಯನ್ನು ಕೇಳಿದರೂ ಒಂದು ಅಂತಾರೆ. ಕಂಪ್ಯೂಟರ್ ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವುದು ಯೂನಿಕೋಡ್ ಕೊಟ್ಟ ನಿಯಮದಿಂದ. ಆ ನಿಯಮದಲ್ಲಿ ಹಿಂದೆ ಭಾರತದ ಎಲ್ಲ ಲಿಪಿಗಳಿಗೂ ವಿರಾಮದ, ಅಂದರೆ ವ್ಯಂಜನಕ್ಕೆ ಸ್ವರ ಇಲ್ಲ ಅಂತ ತೋರಿಸುವ ಹಲಂತ ಚಿಹ್ನೆಯ, ನಂತರ ತುಂಡಾಗುತ್ತಿತ್ತು. ಸ್, ತ್, ರೀ. ಮೂರು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಇದನ್ನು ಸರಿ ಮಾಡಿದರು. ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ತಮಿಳು ಬಿಟ್ಟಿದ್ದಕ್ಕೆ ಅರ್ಥ ಇದೆ, ಅವರು ಅಕ್ಷರದ ಮೇಲೆ ಪುಳ್ಳಿ ಅನ್ನುವ ಚುಕ್ಕಿ ಹಾಕಿ ಬಿಡಿಬಿಡಿಯಾಗಿಯೇ ಬರೆಯುತ್ತಾರೆ. ಆದರೆ ಕನ್ನಡವೂ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅದೇ ಶಬ್ದ ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಮೂರು. ಎರಡು ಲಿಪಿಗೂ ಒತ್ತು ಕೆಳಗೇ ಬರುವುದು, ಒಡಹುಟ್ಟಿದ ಲಿಪಿಗಳು!

ಸುಮ್ನೆ ಕೇಳಿದೆ

ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತಲ್ಲ ಸರ್? ಎಣಿಕೆ ತಪ್ಪಾದರೆ ಏನಾಗುತ್ತೆ?

ಒತ್ತಕ್ಷರ

ಕಾಣುವುದು ಫಾಂಟಿನ ಕೆಲಸ, ಅದು ಸರಿ ಇದೆ. ಏಟು ಬೀಳುವುದು ಬೇರೆ ಕಡೆ. ಬಾಣದ ಕೀಲಿ ಒತ್ತಿದರೆ ಕರ್ಸರ್ ಒತ್ತಕ್ಷರದ ನಡುವೆ ಕಾಣದ ಹಾಗೆ ನಿಲ್ಲುತ್ತದೆ. ಪದಬಂಧದ ಆ್ಯಪ್ ಮಾಡುವವರು ಸಿದ್ಧ ಸೌಲಭ್ಯ ಬಳಸಿದರೆ "ಸ್ವಾತಂತ್ರ್ಯ"ಕ್ಕೆ ಮೂರು ಮನೆಯ ಬದಲು ಆರು ಮನೆ ಬರುತ್ತದೆ. ಮಕ್ಕಳ ಪುಸ್ತಕದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ ಕೊಡಿ ನೋಡೋಣ. "ಸೂರ್ಯ"ದಲ್ಲಿ ಅರ್ಕಾವತ್ತು ಕಾಣುವುದು ಯಕಾರದ ಬಲಕ್ಕೆ, ಆದರೆ ನಿಯಮದ ಪ್ರಕಾರ ಅದು ಯಕಾರದ ಹಿಂದಿನ ತುಂಡು. ಬಣ್ಣ ಎಲ್ಲಿಗೆ ಹೋಗಬೇಕು?

ವೆಬ್‌ಗೆ ಸಂಬಂಧ ಇಲ್ಲಿದೆ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಅಕ್ಷರಗಳ ನಡುವೆ ಜಾಗ ಬಿಡುವುದು, ಇವೆಲ್ಲ ಸಿಎಸ್‌ಎಸ್ ನಿಯಮಗಳು. ಅವು ಯೂನಿಕೋಡ್‌ನ ಈ ತುಂಡುಗಳನ್ನೇ ಆಧಾರ ಮಾಡಿಕೊಂಡಿವೆ. ಲಿಪಿಯ ಸಂಪ್ರದಾಯಕ್ಕೆ ತಕ್ಕಂತೆ ಬ್ರೌಸರ್ ಬದಲಿಸಿಕೊಳ್ಳಬೇಕು ಅಂತಲೂ ಇದೆ. ಆದರೆ ಸಂಪ್ರದಾಯ ಏನು ಅಂತ ಅವರಿಗೆ ಬರೆದುಕೊಟ್ಟವರು ಯಾರು? ಭಾರತೀಯ ಲಿಪಿಗಳಿಗೂ ಜೇಎಲ್‌ರೆಕ್ ಮಾದರಿಯ ಒಂದು ಕರಡು ಡಬ್ಲ್ಯೂ3ಸಿಯಲ್ಲಿ ಇದೆ, ಕೇಂದ್ರ ಸರ್ಕಾರದ ಭಾರತೀಯ ಭಾಷಾ ತಂತ್ರಜ್ಞಾನದ ಕಾರ್ಯಕ್ರಮ ಟಿಡಿಐಎಲ್ ಕಡೆಯವರು ಶುರು ಮಾಡಿದ್ದು. ಜಪಾನಿನದಕ್ಕೆ ಹೋಲಿಸಿದರೆ ತೆಳು. ಕನ್ನಡ ವಿಭಾಗ, ಕಂಪ್ಯೂಟರ್ ವಿಭಾಗ ಎರಡೂ ಒಂದೇ ಕ್ಯಾಂಪಸ್‌ನಲ್ಲಿರುವ ಜಾಗ ಯಾವುದು ಹೇಳಿ? ವಿವಿಯೇ ತಾನೇ.

ನಿವೃತ್ತ ಮೇಷ್ಟ್ರು

ಇದು ಚಿನ್ನದಂಥ ಉದಾಹರಣೆ. ಇಂಥ ಕೆಲಸಕ್ಕೆ ವಿವಿ ಹೇಗೆ ಒದಗುತ್ತದೆ ಅನ್ನುವುದಕ್ಕೆ ಯೂನಿಕೋಡ್ ಕಡೆ ಬರ್ಕ್ಲಿ ಇದೆ. 2002ರಲ್ಲಿ ಅಲ್ಲಿ ಡೆಬೊರಾ ಆಂಡರ್ಸನ್ ಲಿಪಿಗಳನ್ನು ಯೂನಿಕೋಡ್‌ಗೆ ಸೇರಿಸುವ ಒಂದು ಯೋಜನೆ ಶುರು ಮಾಡಿದರು. ಮಾರುಕಟ್ಟೆ ಇಲ್ಲದ ಎಷ್ಟೋ ಲಿಪಿಗಳು ಅದರಿಂದ ಒಳಗೆ ಬಂದವು. ಯಾವ ಕಂಪನಿಗೂ ಬೇಡದ ಕೆಲಸ ಅದು.

ತಿಪಟೂರು ತೆಂಗು

ಒತ್ತಕ್ಷರ ಅವರೇ, ನೀವು ಹೇಳಿದ್ದು ಒಪ್ಪಿದೆ. ಆದರೆ ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಈ ದೂರನ್ನು ಹೇಳಲು ಶುಲ್ಕ ಬೇಕಾ? ಡಬ್ಲ್ಯೂ3ಸಿಯ ಕರಡುಗಳೆಲ್ಲ ಗಿಟ್‌ಹಬ್‌ನಲ್ಲಿ ಬಯಲಲ್ಲೇ ಇವೆ. ಯಾರು ಬೇಕಾದರೂ ತೊಂದರೆ ಬರೆಯಬಹುದು, ಕಾರ್ಯತಂಡ ಉತ್ತರ ಕೊಡಲೇಬೇಕು. 2011ರಿಂದ ಸಮುದಾಯ ಗುಂಪುಗಳಿವೆ, ಅವಕ್ಕೂ ದುಡ್ಡಿಲ್ಲ. ಯೂನಿಕೋಡ್‌ಗೂ ಯಾರು ಬೇಕಾದರೂ ಪ್ರಸ್ತಾಪ ಕಳಿಸಬಹುದು. ತಜ್ಞರಾಗಿದ್ದರೆ ಆಹ್ವಾನಿತ ತಜ್ಞ ಅಂತ ಕಾರ್ಯತಂಡದೊಳಗೇ ಕರೆಯುತ್ತಾರೆ.

ಫ್ರೀಮಾಂಟ್ ಕನ್ನಡತಿ

ಆಹ್ವಾನಿತ ತಜ್ಞ ಅಷ್ಟು ಸುಲಭ ಅಲ್ಲ. ಅದು ಮುಖ್ಯವಾಗಿ ಯಾವ ಸಂಸ್ಥೆಯ ಬಲವೂ ಇಲ್ಲದ ಒಂಟಿ ಜನಕ್ಕೆ. ಸದಸ್ಯ ಆಗುವ ಶಕ್ತಿ ಇರುವ ಸಂಸ್ಥೆಯ ನೌಕರ ಬಂದರೆ, ನಿಮ್ಮ ಸಂಸ್ಥೆಯನ್ನೇ ಸೇರಿಸಿ ಅನ್ನುತ್ತಾರೆ. ಬೇರೆಯದೆಲ್ಲ ನೀವು ಹೇಳಿದ ಹಾಗೇ.

ಇನ್ನೊಂದು ಮಾತು, ಖರ್ಚು ಶುಲ್ಕದ್ದು ಮಾತ್ರ ಅಲ್ಲ. ವರ್ಷಕ್ಕೊಮ್ಮೆ ಟಿಪ್ಯಾಕ್ ಅಂತ ಎಲ್ಲ ತಂಡಗಳೂ ಒಂದು ಕಡೆ ಸೇರುತ್ತವೆ. 2023ರಲ್ಲಿ ಸ್ಪೇನಿನ ಸೆವಿಲ್, 2024ರಲ್ಲಿ ಇಲ್ಲಿ ಅನಹೈಮ್, 2025ರಲ್ಲಿ ಜಪಾನಿನ ಕೋಬೆ. ಆನ್‌ಲೈನ್‌ನಲ್ಲೂ ಕೂರಬಹುದು, ಆದರೆ ಅರ್ಧ ನಿರ್ಧಾರ ಕಾಫಿ ಕುಡಿಯುವಾಗ ಆಗುತ್ತದೆ. ವಾರದ ಕರೆಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ಹಗಲಿಗೆ ಹೊಂದಿಕೊಂಡಿರುತ್ತವೆ. ಬೆಂಗಳೂರಿನಲ್ಲಿ ಅದು ರಾತ್ರಿ ಊಟದ ಹೊತ್ತು.

ಕಡತ ವಿಲೇವಾರಿ

ಎಲ್ಲ ಓದಿದೆ. ಟಿಪ್ಪಣಿ ಹೀಗೆ ಬರೆಯೋಣ ಅಂತ ಇದ್ದೇನೆ. ಮೊದಲ ವರ್ಷ ಸದಸ್ಯತ್ವ ಬೇಡ. ಕನ್ನಡ ವಿಭಾಗದಿಂದ ಒಬ್ಬರು, ನಮ್ಮ ಸೆಂಟರ್‌ನಿಂದ ಒಬ್ಬರು, ಇಬ್ಬರಿಗೂ ವಾರಕ್ಕೆ ಇಷ್ಟು ಗಂಟೆ ಅಂತ ಕೆಲಸದ ಹೊರೆಯಲ್ಲೇ ಲೆಕ್ಕ ಹಿಡಿಯಬೇಕು. ಅವರು ಕನ್ನಡದ ತುಂಡುಗಳ ವಿಷಯವನ್ನು ಬಯಲಲ್ಲೇ ಎತ್ತಲಿ. ಕೆಲಸ ಸಾಗಿದರೆ ಎರಡನೇ ವರ್ಷ ಸದಸ್ಯತ್ವ. ಸುತ್ತೋಲೆಗಳನ್ನು ಯೂನಿಕೋಡ್‌ನಲ್ಲಿ ಹಾಕುವುದು ನಾಳೆಯಿಂದಲೇ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ನಿವೃತ್ತ ಮೇಷ್ಟ್ರು

ಸುತ್ತೋಲೆಯದು ಸರಿ. ಮೊದಲ ಭಾಗಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಮೂವತ್ತು ವರ್ಷ ವಿವಿಯಲ್ಲಿ ಇದ್ದವನು. ದುಡ್ಡು ಕಟ್ಟದ ಕೆಲಸಕ್ಕೆ ಅಲ್ಲಿ ಗಂಟೆ ಸಿಗುವುದಿಲ್ಲ. "ಹವ್ಯಾಸ" ಅಂತಾರೆ, ಪರೀಕ್ಷೆ ಡ್ಯೂಟಿ ಹಾಕುತ್ತಾರೆ. ಶುಲ್ಕ ಕಟ್ಟಿದ್ದರೆ ಆಡಿಟ್‌ನವರು "ಇದರಿಂದ ಏನಾಯಿತು" ಅಂತ ಕೇಳುತ್ತಾರೆ. ಆ ಪ್ರಶ್ನೆಯ ಹೆದರಿಕೆಗಾದರೂ ಇಬ್ಬರಿಗೆ ಸಮಯ ಕೊಡುತ್ತಾರೆ. ಶುಲ್ಕ ಮೊದಲು, ಗಂಟೆ ಆಮೇಲೆ.

ತಿಪಟೂರು ತೆಂಗು

ಆಡಿಟ್ ಹೆದರಿಕೆಗೆ ಕೆಲಸ ಆಗಿದ್ದರೆ ಈ ದೇಶ ಎಲ್ಲಿರುತ್ತಿತ್ತು ಮೇಷ್ಟ್ರೇ. ಕಡತದವರ ದಾರಿಯೇ ಸರಿ.

ಹಕ್ಕುಪತ್ರ

ನನ್ನ ಮತವೂ ಕಡತದವರಿಗೆ. ಆ ಒಂದು ವರ್ಷದಲ್ಲಿ ಪೇಟೆಂಟ್ ಸೆಲ್‌ನ ಬೀಗ ತೆಗೆಸಿ.

ಕಡತ ವಿಲೇವಾರಿ

😄 ಮೇಷ್ಟ್ರ ಮಾತನ್ನೂ ಟಿಪ್ಪಣಿಯಲ್ಲಿ ಪರ್ಯಾಯ ಅಂತ ಹಾಕುತ್ತೇನೆ, ನಿರ್ಧಾರ ಮೇಲಿನವರದು. ಒತ್ತಕ್ಷರ ಸರ್, ನಮ್ಮ ಕನ್ನಡ ವಿಭಾಗದ ಮೇಡಂ ಒಬ್ಬರು ಆಸಕ್ತಿ ತೋರಿಸಿದ್ದಾರೆ. ಶುರು ಮಾಡಲು ಅವರಿಗೆ ಏನು ಕೊಡಲಿ?

ಒತ್ತಕ್ಷರ

ಶಬ್ದಗಳ ಒಂದು ಚಿಕ್ಕ ಪಟ್ಟಿ ಮಾಡಲು ಹೇಳಿ. ಪ್ರತಿ ಶಬ್ದದ ಮುಂದೆ ಎರಡು ಅಂಕಿ: ಕನ್ನಡಿಗರು ಎಣಿಸುವುದು, ಈಗಿನ ನಿಯಮ ಎಣಿಸುವುದು. ಸ್ತ್ರೀ 1, 3. ಸೂರ್ಯ 2, 3. ಅರ್ಘ್ಯ 2, 4. ವೈಶಿಷ್ಟ್ಯ 3, 5. ಸ್ವಾತಂತ್ರ್ಯ 3, 6. ಅರ್ಕಾವತ್ತು ಬರದೆ ರಕಾರ ಪೂರ್ತಿ ಉಳಿಯುವ "ರ‍್ಯಾಂಕ್" ತರಹದ್ದೂ ಒಂದು ಇರಲಿ, ಅದರ ನಡುವೆ ಕಾಣದ ಜೋಡಕ ಇರುತ್ತದೆ, ಪರೀಕ್ಷೆಗೆ ಒಳ್ಳೆಯದು. 2, 3. ಜೊತೆಗೆ ಹಳೆಯ ಮೊಳೆ ಅಚ್ಚಿನ ಪುಸ್ತಕಗಳಲ್ಲಿ ಪದ ಸಾಲಿನ ಕೊನೆಗೆ ಮುರಿದ ಕಡೆ ಎಲ್ಲಿ ಮುರಿದಿದೆ ಅಂತ ಕೆಲವು ಪುಟಗಳ ಫೋಟೊ. ಒತ್ತಕ್ಷರವನ್ನು ಯಾರೂ ನಡುವೆ ಮುರಿದಿರುವುದಿಲ್ಲ, ಅದೇ ಸಾಕ್ಷಿ. ಪಟ್ಟಿ ಉದ್ದ ಮಾಡಬೇಡಿ, ಓದುವವರಿಗೆ ಕನ್ನಡ ಬರುವುದಿಲ್ಲ.

ತಿಪಟೂರು ತೆಂಗು

"ಲಕ್ಷ್ಮಿ"ಯನ್ನೂ ಸೇರಿಸಿ. 2, 4. ನಾವು ಎಣಿಸಿದ್ದಕ್ಕಿಂತ ಅವರ ಲೆಕ್ಕದಲ್ಲಿ ಡಬಲ್ ಇದೆ ಅಂತ ಹಣಕಾಸು ಅಧಿಕಾರಿಗೆ ತೋರಿಸಿ, ಸಹಿ ಹಾಕಿದರೂ ಹಾಕಬಹುದು.